ಕಲ್ಲಿಬಿಯೋಸನ ಎಡಕ್ಕೆ ನಿಂತವನು

ಧೈರ್ಯವೆಂದರೇನು ಎಂದು ಕಲ್ಲಿಬಿಯೋಸ್ ವಿವರಿಸುತ್ತಿದ್ದಾಗಲೇ ಹೆಬ್ಬಾತು ಬಂದದ್ದು.

ಅಥೆನ್ಸಿನ ಊರಬಾಗಿಲಾಚೆಯ ಗರಡಿಮನೆಯಲ್ಲಿ, ಚಿನಾರ್ ಮರದ ನೆರಳಿನಲ್ಲಿ, ಅವನ ಮಾತು ಕೇಳಲು ಆರು ಜನ ಕೂತಿದ್ದರು. ಅವರಲ್ಲಿ ಒಬ್ಬನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇಬ್ಬರು ಮೈಗೆ ಎಣ್ಣೆ ಹಚ್ಚಿಕೊಂಡು ಕುಸ್ತಿಯ ಸರದಿ ಕಾಯುತ್ತಿದ್ದರು. “ಈ ಕಡೆ ಹೇಡಿತನ, ಆ ಕಡೆ ಹುಂಬತನ. ಧೀರನಾದವನು ಎರಡರ ನಡುವೆ ಅಲುಗಾಡದೆ ನಿಲ್ಲುತ್ತಾನೆ” ಎಂದು ಅವನು ಎರಡೂ ಕೈ ಚಾಚಿ ಆ ನಡುವಿನ ಜಾಗವನ್ನು ತೋರಿಸಿದ. ಗರಡಿಯ ಕಾವಲುಗಾರನ ಹೆಬ್ಬಾತು ಸರಿಯಾಗಿ ಆ ಜಾಗಕ್ಕೇ ಕತ್ತು ನೀಡಿ, ಬುಸುಗುಟ್ಟುತ್ತಾ ನುಗ್ಗಿತು. ಮುಂದಿನದು ಅವನಿಗೆ ನೆನಪಿಲ್ಲ. ನೆನಪು ಮರಳಿದಾಗ ಅವನು ಕಲ್ಲುಕಟ್ಟೆಯ ಮೇಲೆ ನಿಂತಿದ್ದ. ಮೇಲುಹೊದಿಕೆ ಕೆಳಗೆ ಬಿದ್ದಿತ್ತು. ಹೆಬ್ಬಾತು ಅದರ ಮೇಲೆ ನಿಂತಿತ್ತು.

“ನಡುವೆ ನಿಲ್ತಾನೆ ಅಂದೆ ಕಣಯ್ಯ, ಮೇಲಕ್ಕೆ ಹತ್ತುತಾನೆ ಅಂತ ಹೇಳ್ಲೇ ಇಲ್ವಲ್ಲ!” ಎಂದ ಎಣ್ಣೆ ಹಚ್ಚಿಕೊಂಡವರಲ್ಲೊಬ್ಬ. ಕಿವುಡ ಕೂಡ ನಕ್ಕ. ನೋಡಿ ನಗುವುದಕ್ಕೆ ಕಿವಿ ಬೇಕಿಲ್ಲವಲ್ಲ.

ಗರಡಿಯ ಬಾಗಿಲು ದುರಸ್ತಿ ಮಾಡುತ್ತಿದ್ದ ಬಡಗಿ ಸಿಮಿಲೋಸ್ ಮಾತ್ರ ನಗಲಿಲ್ಲ. ಎದ್ದು ಬಂದು ಹೆಬ್ಬಾತನ್ನು ಎಡಗೈಯಲ್ಲಿ ಬಾಚಿ ಕಂಕುಳಿಗೆ ಸೇರಿಸಿಕೊಂಡ. “ಮೊಟ್ಟೆ ಇಟ್ಟಿದೆ, ಅದಕ್ಕೇ” ಎಂದು ಹೇಳಿ ಹೊರಟುಹೋದ.

ಉಳಿದವರ ನಗೆಯನ್ನು ಕಲ್ಲಿಬಿಯೋಸ್ ಸಂಜೆಯ ಹೊತ್ತಿಗೆ ಜೀರ್ಣಿಸಿಕೊಂಡ. ಜೀರ್ಣವಾಗದೆ ಉಳಿದದ್ದು ಸಿಮಿಲೋಸ್ ನಗದೆ ಇದ್ದದ್ದು. ತಾನು ಓಡಿದ್ದನ್ನು ಆ ಮನುಷ್ಯ ನೋಡಿದ್ದು ಇದು ಎರಡನೆಯ ಸಲವೋ ಏನೋ. ಮೊದಲನೆಯ ಸಲ ನೋಡಿದ್ದನೋ ಇಲ್ಲವೋ ಎಂಬುದೇ ಹನ್ನೊಂದು ವರ್ಷಗಳಿಂದ ಕಲ್ಲಿಬಿಯೋಸನ ಪ್ರಾಣ ಹಿಂಡುತ್ತಿದ್ದ ಪ್ರಶ್ನೆ.

ಹನ್ನೊಂದು ವರ್ಷದ ಹಿಂದೆ, ಗಡಿಯ ಕಣಿವೆಯಲ್ಲಿ, ಇಬ್ಬರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಸಾಲಿನಲ್ಲಿ ನಿಂತವನ ಗುರಾಣಿ ಅವನೊಬ್ಬನದಲ್ಲ. ಅರ್ಧ ಅವನನ್ನು ಕಾಯುತ್ತದೆ, ಇನ್ನರ್ಧ ಎಡಕ್ಕೆ ನಿಂತವನ ಬಲಗಡೆಯ ಮೈಯನ್ನು ಕಾಯುತ್ತದೆ. ಹಾಗೆ ನೋಡಿದರೆ ನಮ್ಮಲ್ಲಿ ಪ್ರತಿಯೊಬ್ಬನೂ ತನ್ನ ಪ್ರಾಣದ ಅರ್ಧವನ್ನು ಪಕ್ಕದವನ ಕೈಯಲ್ಲಿಟ್ಟೇ ಯುದ್ಧಕ್ಕೆ ಹೋಗುವುದು. ಕಲ್ಲಿಬಿಯೋಸನ ಎಡಕ್ಕೆ ನಿಂತಿದ್ದವನು ಸಿಮಿಲೋಸ್. ಎದುರಿನ ಸಾಲು ಕೂಗುತ್ತಾ ಇಳಿದು ಬಂದಾಗ ಕಲ್ಲಿಬಿಯೋಸ್ ಧೈರ್ಯದ ಬಗ್ಗೆ ತನಗೆ ಗೊತ್ತಿದ್ದದ್ದನ್ನೆಲ್ಲ ಜ್ಞಾಪಿಸಿಕೊಂಡ. ಅದು ಬಹಳ ಇತ್ತು. ಜ್ಞಾಪಿಸಿಕೊಂಡು ಮುಗಿಯುವಷ್ಟರಲ್ಲಿ ಅವನು ಗುರಾಣಿ ಎಸೆದು, ಓಡಿ, ಆಲಿವ್ ತೋಪೊಂದರಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ.

ಯುದ್ಧವನ್ನು ಹೇಗೋ ನಮ್ಮವರೇ ಗೆದ್ದರು. ಸಾಲು ಚೆದುರಿದ್ದರಿಂದ ಓಡಿದವರು ಯಾರು, ನಿಂತವರು ಯಾರು ಎಂದು ಲೆಕ್ಕ ಸಿಗಲಿಲ್ಲ. ಒಂಬತ್ತು ದಿನದ ಮೇಲೆ ಸಿಮಿಲೋಸ್ ಕತ್ತೆಯೊಂದಿಗೆ ಇವನ ಬಾಗಿಲಿಗೆ ಬಂದ. ಬಲಭುಜಕ್ಕೆ ಬಟ್ಟೆ ಸುತ್ತಿತ್ತು. ಬಚ್ಚಲಲ್ಲಿ ಮರೆತುಹೋದ ಮೈ ಒರೆಸುವ ಚೌಕವನ್ನು ತಂದುಕೊಡುವವನ ಹಾಗೆ, “ನಿನ್ನ ಗುರಾಣಿ. ಅಲ್ಲಿ ಬಿದ್ದಿತ್ತು” ಎಂದು ಕೊಟ್ಟು, ಒಂದು ಬಟ್ಟಲು ನೀರು ಕುಡಿದು ಹೋದ. ಭುಜದ ಗಾಯ ಒಣಗಿತು. ಆದರೆ ಆ ಕೈ ಆಮೇಲೆ ಎದೆಯಿಂದ ಮೇಲಕ್ಕೆ ಏಳಲಿಲ್ಲ.

ಗುರಾಣಿ ಒಲೆಯ ಮೇಲಿನ ಗೋಡೆಯಲ್ಲಿ ತೂಗಿತು. ಅದರಲ್ಲೊಂದು ನೆಗ್ಗಿತ್ತು. ಕಲ್ಲಿನ ಮೇಲೆ ಬಿದ್ದಾಗ ಆದದ್ದು. ಮನೆಗೆ ಬಂದವರು ಅದನ್ನು ಮುಟ್ಟಿ ನೋಡಿ, “ಈಟಿ ಏಟಾ?” ಎಂದು ಕೇಳುತ್ತಿದ್ದರು. ಕಲ್ಲಿಬಿಯೋಸ್ ಹೌದು ಎನ್ನುತ್ತಿರಲಿಲ್ಲ. ಅವನು ಪ್ರಾಮಾಣಿಕ. ನಿಟ್ಟುಸಿರು ಬಿಡುತ್ತಿದ್ದ, ಅಷ್ಟೇ.

ಸಿಮಿಲೋಸನ ಕಸುಬು ನೊಗ, ನೇಗಿಲು. ಕುಂಬಾರಗೇರಿಯ ಹಿಂದೆ ಅವನ ಕೊಟ್ಟಿಗೆ. ಅದರಲ್ಲೇ ಕೆಲಸ, ಅದರ ಹಿಂದಿನ ಕೋಣೆಯಲ್ಲೇ ಎಂಬತ್ತು ದಾಟಿದ ತಾಯಿಯೊಡನೆ ವಾಸ. ಬಲಗೈ ಸೋತ ಮೇಲೆ ಮರ ಕೆತ್ತುವ ಬಾಚಿಯನ್ನು ಎಡಗೈಯಲ್ಲಿ ಹಿಡಿಯುವುದನ್ನು ಕಲಿಯಲು ಅವನಿಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಮಾಡಿದ ನೊಗಗಳಲ್ಲಿ ಓರೆಯಾದದ್ದನ್ನೆಲ್ಲ ತಾನೇ ಒಲೆಗೆ ಹಾಕಿದ. ಚಳಿಗಾಲ ಬೆಚ್ಚಗಿತ್ತು ಎಂದು ತಾಯಿ ಹೇಳುತ್ತಿದ್ದಳಂತೆ. ನಾಟಕದ ಹಬ್ಬಕ್ಕೆ ಅವನು ತಪ್ಪದೆ ಬರುತ್ತಿದ್ದ. ದುರಂತ ನಾಟಕದಲ್ಲಿ ರಾಜರು ಕಣ್ಣು ಕಳೆದುಕೊಳ್ಳುವ ಹೊತ್ತಿಗೆ ನಿದ್ದೆ ಹೋಗುತ್ತಿದ್ದ. ಹಾಸ್ಯದ ನಾಟಕಕ್ಕೆ ಮಾರನೆಯ ದಿನ ಕೊಟ್ಟಿಗೆಯಲ್ಲಿ ಒಬ್ಬನೇ ನಗುತ್ತಿದ್ದ. ಸಭೆಯಲ್ಲಿ ಎಡಗೈ ಎತ್ತಿ ಮತ ಹಾಕುತ್ತಿದ್ದನೇ ಹೊರತು ಬಾಯಿ ಬಿಟ್ಟದ್ದನ್ನು ಕಂಡವರಿಲ್ಲ. ಅಥೆನ್ಸಿನಲ್ಲಿ ಹುಟ್ಟಿ ಇದನ್ನು ಸಾಧಿಸುವುದು ಸಣ್ಣ ಮಾತಲ್ಲ.

ಎತ್ತು ನೋಡದೆ ಅವನು ನೊಗಕ್ಕೆ ಮರ ಮುಟ್ಟುತ್ತಿರಲಿಲ್ಲ. ಎರಡು ಹರದಾರಿ ನಡೆದಾದರೂ ಹೋಗಿ, ಎತ್ತಿನ ಕುತ್ತಿಗೆಗೆ ತೋಳು ಬಳಸಿ, ಕಣ್ಣು ಮುಚ್ಚಿ ಅಳತೆ ತೆಗೆದುಕೊಳ್ಳುತ್ತಿದ್ದ. ಒಮ್ಮೆ ಗಿರಾಕಿಯೊಬ್ಬ, “ಎಂಥಾ ನೊಗ ಮಾಡಿದೀಯಯ್ಯ, ಭೇಷ್!” ಎಂದು ಬೆನ್ನು ತಟ್ಟಿದ್ದಕ್ಕೆ, “ನಿನಗೇನು ಗೊತ್ತು? ಹೊತ್ತಿರೋ ಎತ್ತನ್ನ ಕೇಳು” ಎಂದಿದ್ದ.

ಕಲ್ಲಿಬಿಯೋಸ್ ಈ ಹನ್ನೊಂದು ವರ್ಷದಲ್ಲಿ ಅವನಿಂದ ಏಳು ನೊಗ ಮಾಡಿಸಿದ. ಮನೆಯಲ್ಲಿ ಒಂದೂ ಎತ್ತಿರಲಿಲ್ಲ. ಮನಸ್ಸು ಕುಟುಕಿದಾಗಲೆಲ್ಲ ಹೋಗಿ ಒಂದು ನೊಗ ಹೇಳಿ ಬರುತ್ತಿದ್ದ. ಪ್ರತಿ ಸಲವೂ ಪಕ್ಕದ ಹೊಲದವನ ಜೋಡಿಯನ್ನೇ ತನ್ನದೆಂದು ತೋರಿಸುತ್ತಿದ್ದ. ಸಿಮಿಲೋಸ್ ಏಳು ಸಲವೂ ಬಂದು, ಅವೇ ಕುತ್ತಿಗೆಗಳನ್ನು ತಬ್ಬಿ, ಅದೇ ಅಳತೆ ತೆಗೆದುಕೊಂಡು ಹೋದ. ಏಳನೆಯ ಸಲ ಎತ್ತುಗಳೇ ಅವನನ್ನು ಕಂಡು ಕುತ್ತಿಗೆ ಬಾಗಿಸಿದವು.

ಹೆಂಡತಿ ಮೆಲಿಟ್ಟಾ ನೊಗಗಳಿಗೆ ಈರುಳ್ಳಿ, ಬೆಳ್ಳುಳ್ಳಿಯ ಗೊಂಚಲು ತೂಗುಹಾಕಿದಳು. “ಏನೂಂದ್ರೆ,” ಎಂದಳು ಒಂದು ದಿನ, “ಎತ್ತು ತರೋ ಯೋಚ್ನೆ ಇದ್ಯಾ, ಇಲ್ಲ ನಾವಿಬ್ರೇ ಹೊತ್ಕೋಬೇಕಾ?”

ಹೆಬ್ಬಾತಿನ ಪ್ರಸಂಗ ನಡೆದ ತಿಂಗಳಲ್ಲೇ ಇನ್ನೊಂದು ಗ್ರಹಚಾರ ವಕ್ಕರಿಸಿತು. ಪೇಟೆಯ ಮೇಲ್ವಿಚಾರಕರನ್ನು ಆರಿಸಲು, ಚೀಟಿ ಎತ್ತುವ ಹಾಗೆ, ಕಾಳು ಹಾಕಿದಾಗ ಕಲ್ಲಿಬಿಯೋಸನ ಹೆಸರಿಗೆ ಬಿಳಿ ಕಾಳು ಬಿತ್ತು. ಮುಂದಿನ ಒಂದು ವರ್ಷ ತೂಕದಲ್ಲಿ ಮೋಸ ಮಾಡುವವರನ್ನು, ಹಳಸಿದ ಮೀನಿಗೆ ನೀರು ಚಿಮುಕಿಸುವವರನ್ನು ಅವನು ಹಿಡಿಯಬೇಕು. ಆದರೆ ಅಧಿಕಾರ ಹಿಡಿಯುವ ಮೊದಲು ನ್ಯಾಯಸಭೆಯ ಮುಂದೆ ನಿಂತು ಉತ್ತರ ಹೇಳಬೇಕು. ನಿನ್ನಪ್ಪ ಯಾರು, ತಾಯಿಯ ಅಪ್ಪ ಯಾರು, ಮನೆದೇವರ ಗುಡಿ ಎಲ್ಲಿ, ಹಿರಿಯರ ಗೋರಿ ಎಲ್ಲಿ, ಹೆತ್ತವರನ್ನು ಚೆನ್ನಾಗಿ ನೋಡಿಕೊಂಡೆಯಾ, ಕರೆದಾಗ ಯುದ್ಧಕ್ಕೆ ಹೋದೆಯಾ? ಕೆಲಸ ಬರುತ್ತದೆಯೇ ಎಂದು ಮಾತ್ರ ಕೇಳುವುದಿಲ್ಲ. ಕೇಳಿದ್ದರೆ ನಮ್ಮೂರಿನ ಅರ್ಧಕ್ಕರ್ಧ ಪೀಠಗಳು ಖಾಲಿ ಇರುತ್ತಿದ್ದವು. ಪ್ರತಿ ಉತ್ತರಕ್ಕೂ ಸಾಕ್ಷಿ ಬೇಕು. ಯುದ್ಧದ ಪ್ರಶ್ನೆಗೆ ಪಕ್ಕ ನಿಂತಿದ್ದವನೇ ಸಾಕ್ಷಿ. ಕಲ್ಲಿಬಿಯೋಸನ ಬಲಕ್ಕೆ ನಿಂತಿದ್ದವನು ಸತ್ತು ನಾಲ್ಕು ವರ್ಷವಾಗಿತ್ತು.

ಗುರಾಣಿ ಎಸೆದವನೆಂದು ರುಜುವಾತಾದರೆ ಮತವಿಲ್ಲ, ಮಾತಿಲ್ಲ, ಪೇಟೆಯೊಳಕ್ಕೆ ಕಾಲಿಡುವಂತಿಲ್ಲ. ಬದುಕಿದ್ದೂ ಊರಿನ ಪಾಲಿಗೆ ಸತ್ತಂತೆ. ಅಧಿಕಾರ ಬೇಡ ಎಂದುಬಿಡೋಣವೆಂದರೆ ಅದಕ್ಕೂ ಆಣೆಯಿಟ್ಟು ಕಾರಣ ಹೇಳಬೇಕು. ಅದಲ್ಲದೆ ಮೆಲಿಟ್ಟಾ ಆಗಲೇ ಬಾವಿಕಟ್ಟೆಯಲ್ಲಿ ಹೇಳಿ ಬಂದಿದ್ದಳು.

ಅವನು ಕುಂಬಾರಗೇರಿಗೆ ಹೋದ.

“ಬಾರಯ್ಯ,” ಎಂದ ಸಿಮಿಲೋಸ್, ತಲೆ ಎತ್ತದೆ. “ಎಂಟನೇ ನೊಗನಾ?”

“ಅಲ್ಲಣ್ಣ. ಒಂದು ಸಾಕ್ಷಿ ಬೇಕಾಗಿತ್ತು.”

“ಆ ತುದಿ ಹಿಡ್ಕೋ.”

ಕಲ್ಲಿಬಿಯೋಸ್ ಮರದ ತುದಿ ಹಿಡಿದುಕೊಂಡ. “ಗಡಿ ಯುದ್ಧದಲ್ಲಿ ನನ್ನ ಪಕ್ಕ ನಿಂತಿದ್ದೋರಲ್ಲಿ ಈಗ ಉಳಿದಿರೋನು ನೀನೊಬ್ನೇ. ನಾಡಿದ್ದು ಸಭೆಗೆ ಬಂದು...”

“ಬರ್ತೀನಿ. ಅಲ್ಲಾಡಿಸ್ಬೇಡ.”

“ಏನು ಹೇಳ್ತೀಯ?”

“ಏನು ಕೇಳ್ತಾರೋ ಅದಕ್ಕೆ ಹೇಳ್ತೀನಿ.”

ಬಾಚಿ ಸವರಿದಂತೆಲ್ಲ ಸಿಪ್ಪೆ ಸುರುಳಿಯಾಗಿ ಬೀಳುತ್ತಿತ್ತು. ಕ್ಷಮಿಸು ಎನ್ನುವ ಮಾತು ಕಲ್ಲಿಬಿಯೋಸನ ನಾಲಿಗೆಯ ತುದಿಯವರೆಗೆ ಬಂತು. ಹೊರಗೆ ಬಂದದ್ದು ಬೇರೆ. “ಆ ದಿನದ ಬಗ್ಗೆ ನಿನ್ನ ಮನಸ್ಸಲ್ಲಿ ಏನಾದ್ರೂ...”

ಸಿಮಿಲೋಸ್ ಯೋಚಿಸಿದ. “ಬಿಸಿಲು ಭಾಳ ಇತ್ತು” ಎಂದ.

ಒಳಗಿನಿಂದ ಮುದುಕಿಯ ದನಿ ಬಂತು. “ಯಾರೋ ಅದು? ನಿಮ್ಮಪ್ಪ ಬಂದ್ರಾ?”

“ಇಲ್ಲಮ್ಮ. ಅಪ್ಪ ಹೊಲದಲ್ಲೇ ಇದಾರೆ.”

ಕಲ್ಲಿಬಿಯೋಸನಿಗೆ ಆಸೆ ಚಿಗುರಿತು. ಆ ಅಪ್ಪನ ಶವದ ಹಿಂದೆ ಅವನೇ ನಡೆದಿದ್ದ. ಹೆತ್ತ ತಾಯಿಗೆ ದಿನವೂ ಸುಳ್ಳು ಹೇಳುವವನು ಸ್ನೇಹಿತನಿಗಾಗಿ ಒಂದೇ ಒಂದು ಹೇಳಲಾರನೇ? “ಅಣ್ಣಾ, ನೀನೂ ಸುಳ್ಳು ಹೇಳ್ತೀಯಲ್ಲೋ!” ಎಂದ, ಮುಖ ಅರಳಿಸಿಕೊಂಡು.

ಸಿಮಿಲೋಸ್ ಮೊದಲ ಸಲ ತಲೆ ಎತ್ತಿದ. “ಯಾವುದು ಸುಳ್ಳು? ಗೋರಿ ಇರೋದು ಹೊಲದ ಅಂಚಲ್ಲೇ.”

ಅರಳಿದ ಮುಖ ಮುದುಡಿತು. ಆದರೂ ಕಲ್ಲಿಬಿಯೋಸ್ ಏಳಲಿಲ್ಲ. ಗರಡಿಯಲ್ಲಿ ಅವನು ನೂರು ಸಲ ಕೇಳಿ, ನೂರು ಸಲ ತಾನೇ ಉತ್ತರಿಸಿದ್ದ ಪ್ರಶ್ನೆಯೊಂದಿತ್ತು. ಕುಡುಗೋಲಿನ ಕೆಲಸ ಕೊಯ್ಯುವುದು, ಕಣ್ಣಿನ ಕೆಲಸ ನೋಡುವುದು, ಹಾಗಾದರೆ ಮನುಷ್ಯನ ಕೆಲಸ ಯಾವುದು, ಅದನ್ನು ಚೆನ್ನಾಗಿ ಮಾಡಿದೆ ಎಂದು ತಿಳಿಯುವುದು ಹೇಗೆ? ಅದನ್ನು ಈಗ ನಿಜವಾಗಿಯೂ ಗೊತ್ತಿಲ್ಲದವನಂತೆ ಕೇಳಿದ. “ಅಣ್ಣಾ, ನೀನು ಚೆನ್ನಾಗಿ ಬಾಳಿದೀಯ ಅಂತ ನಿಂಗನ್ಸತ್ತಾ?”

“ನನ್ನನ್ಯಾಕೆ ಕೇಳ್ತೀಯ?” ಎಂದ ಸಿಮಿಲೋಸ್. “ನನ್ನ ಹೊತ್ಕೊಂಡೋರನ್ನ ಕೇಳ್ಬೇಕು.” ಬಾಚಿಯನ್ನು ಎಡಗೈಯಲ್ಲಿ ತಿರುಗಿಸಿ ಹಿಡಿದು ಮತ್ತೆ ಕೆಲಸಕ್ಕೆ ಬಾಗಿದ.

ಕಲ್ಲಿಬಿಯೋಸ್ ಮನೆಗೆ ನಡೆದ. ನನ್ನ ಬಾಳು ಹೇಗಿತ್ತೆಂದು ಯಾರನ್ನು ಕೇಳಬೇಕು ಎಂದು ದಾರಿಯುದ್ದಕ್ಕೂ ಹುಡುಕಿದ. ಹೆಂಡತಿ, ಸತ್ತ ತಂದೆ, ಗರಡಿಯ ಆರು ಜನ, ಹೀಗೆ ಯಾರ ಹೆಸರಿನಿಂದ ಶುರುಮಾಡಿದರೂ ಕೊನೆಗೆ ಎದೆಯಿಂದ ಮೇಲಕ್ಕೇಳದ ಒಂದು ತೋಳಿಗೆ ಬಂದು ನಿಲ್ಲುತ್ತಿತ್ತು.

ಸಭೆಯ ದಿನ ಬೆಳಿಗ್ಗೆ ಎಲ್ಲ ಸರಾಗವಾಗಿ ನಡೆಯಿತು. ಅಪ್ಪ, ಅಜ್ಜ, ಮನೆದೇವರು, ಗೋರಿ, ಎಲ್ಲಕ್ಕೂ ಸಾಕ್ಷಿಗಳು ಬಂದು ಹೋದರು. ಅಧ್ಯಕ್ಷನಿಗೆ ಹಸಿವಾಗಿತ್ತು. ಸುಟ್ಟ ಮೀನಿನ ವಾಸನೆ ಪೇಟೆಯ ಕಡೆಯಿಂದ ಬರುತ್ತಿತ್ತು. “ಯುದ್ಧದ ಸಾಕ್ಷಿ?” ಎಂದ. ಸಿಮಿಲೋಸ್ ತಲೆಯ ಮೇಲಿನ ಮರದ ಹುಡಿಯೊಂದಿಗೇ ಬಂದು ಆಣೆಗಲ್ಲನ್ನು ಹತ್ತಿ ಎಡಗೈ ಎತ್ತಿದ.

ಸಭೆ ಗೊಳ್ಳೆಂದಿತು.

“ಯಾವೂರೋನಯ್ಯ ಇವ್ನು, ದೇವ್ರಿಗೆ ಎಡಗೈ ತೋರಿಸ್ತಾನೆ!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

“ಬಲಗೈ ಎತ್ತು,” ಎಂದ ಅಧ್ಯಕ್ಷ. “ಎಡಗೈಯಲ್ಲಿ ಮಾಡಿದ ಆಣೆ ಆಣೆಯಲ್ಲ.”

ಸಿಮಿಲೋಸ್ ಬಲಗೈ ಎತ್ತಿದ. ಅದು ಎದೆಯ ತನಕ ಬಂದು ನಿಂತಿತು. ಹಲ್ಲು ಕಚ್ಚಿ ಇನ್ನೊಂದು ಬೆರಳಷ್ಟು ಎತ್ತಿದ. ತೋಳು ನಡುಗಿತು. ಬೆವರು ಕಿವಿಯ ಮುಂದಿನಿಂದ ಇಳಿಯಿತು. “ಇಷ್ಟೇ ಬರೋದು ಸ್ವಾಮಿ” ಎಂದ.

“ನೋಡ್ರೋ, ದೇವ್ರ ಹತ್ರಾನೂ ಚೌಕಾಸಿ!” ಎಂದಿತು ಹಿಂದಿನ ಬೆಂಚು. ಇನ್ನೂ ದೊಡ್ಡ ನಗೆ.

ಆ ನಗೆಯ ನಡುವೆ ಕಲ್ಲಿಬಿಯೋಸ್ ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ. ಕಾಲುಗಳು ಈ ಸಲವೂ ಅವನ ಅಪ್ಪಣೆ ಕೇಳಲಿಲ್ಲ. ಆದರೆ ಬಾಗಿಲ ಕಡೆಗೆ ಹೋಗದೆ ಮುಂದಕ್ಕೆ ಹೋದವು.

“ನಗಬೇಡಿ!” ಎಂದ. ದನಿ ಹೆಬ್ಬಾತಿನದರಂತೆ ಒಡೆದಿತ್ತು. “ಆ ಕೈ ಹಾಗಾಗಿದ್ದು ನನ್ನಿಂದ. ಗುರಾಣಿ ಎಸೆದು ಓಡಿದೆ ನಾನು. ಆಲಿವ್ ತೋಪಿನಲ್ಲಿ ಕೂತಿದ್ದೆ. ಇವನ ಬಲಗಡೆ ಖಾಲಿ ಬಿತ್ತು. ಈಟಿ ಅಲ್ಲಿಂದ ಬಂತು. ಇವನು ಆ ಕೈಯಲ್ಲೇ ನನ್ನ ಗುರಾಣಿ ತಂದುಕೊಟ್ಟ. ಗೋಡೆಗೆ ನೇತುಹಾಕಿದ್ದೀನಿ. ನೆಗ್ಗಿರೋದು ಕಲ್ಲಿಂದ.”

ನೊಗಗಳ ವಿಷಯವನ್ನೂ ಹೇಳಿದ. ಅದು ಯಾರಿಗೂ ಅರ್ಥವಾಗಲಿಲ್ಲ.

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಅಧ್ಯಕ್ಷ ತಲೆ ಕೆರೆದುಕೊಂಡ. ಕಂಡಕಂಡವರ ಮೇಲೆಲ್ಲ ದೂರು ಕೊಡುವುದಕ್ಕೆ ನಮ್ಮೂರಿನಲ್ಲಿ ಕಾನೂನಿದೆ. ತನ್ನ ಮೇಲೆ ತಾನೇ ಕೊಡುವುದಕ್ಕೆ ಇಲ್ಲ. ಗುಮಾಸ್ತನ ಕಿವಿಯಲ್ಲಿ ಪಿಸುಗುಟ್ಟಿದ. ಗುಮಾಸ್ತ ಇವನ ಕಿವಿಯಲ್ಲಿ ಪಿಸುಗುಟ್ಟಿದ.

“ಸರಿ,” ಎಂದ ಅಧ್ಯಕ್ಷ ಕೊನೆಗೆ. “ಇವನ ಬಾಯಿಮಾತಿನ ಮೇಲೆ ಇವನ ಹಕ್ಕು ಕಿತ್ತುಕೊಳ್ಳೋಕಾಗಲ್ಲ. ಕಣ್ಣಾರೆ ಕಂಡವನು ಬೇಕು. ಪಕ್ಕದಲ್ಲಿ ನಿಂತಿದ್ದವನು ನೀನೊಬ್ಬನೇ. ಬಡಗಿ, ನಿನ್ನ ಒಂದು ಮಾತಿನ ಮೇಲೆ ಇವನ ಬಾಳು ನಿಂತಿದೆ. ಯೋಚನೆ ಮಾಡಿ ಹೇಳು.”

ಕಲ್ಲಿಬಿಯೋಸ್ ಕಾದ. ಹೇಳಲಿ ಎಂದು ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಯಸಿದ. ಹೇಳಿಬಿಟ್ಟರೆ ಹೊರೆ ಇಳಿದೀತು. ಸಿಮಿಲೋಸ್ ಅವನತ್ತ ಒಮ್ಮೆ ನೋಡಿ, ಸೋತ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

“ಇವನು ಗುರಾಣಿ ಎಸೆದು ಓಡಿದ್ದನ್ನು ನೀನು ನೋಡಿದೆಯಾ?”

“ಇಲ್ಲ ಸ್ವಾಮಿ,” ಎಂದ ಸಿಮಿಲೋಸ್. “ನಾನು ಎದುರಿಗೆ ನೋಡ್ತಾ ಇದ್ದೆ.”