ರಷ್ಯಾದ ಪೆಟ್ಟಿಗೆಯಲ್ಲಿ ಬಂದ ಪಂಪು

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಗಳು ವಾಯುಪಡೆಯ ಸೇವೆಯಿಂದ ನಿವೃತ್ತವಾದವು.

ದಸರಾ ಮುಗಿದ ಮೇಲಿನ ಭಾನುವಾರದ ವಿಶೇಷ ಪುಟಕ್ಕೆ ಒಂದು ಲೇಖನ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಇನ್ನು ಮುಂದೆ ವಿಮಾನಗಳನ್ನು ಯಾವ ದೇಶದಿಂದ ಕೊಳ್ಳಬೇಕು, ಮಾರುವವರಲ್ಲಿ ಯಾರನ್ನು ಎಷ್ಟು ನಂಬಬಹುದು ಎಂಬುದು ವಿಷಯ. ಆ ವಾರ ಭೀಮಾ ನದಿ ಉಕ್ಕಿ ನಮ್ಮ ವರದಿಗಾರರೆಲ್ಲ ಇಂಡಿ, ಸಿಂದಗಿ ತಾಲ್ಲೂಕುಗಳ ನದಿದಂಡೆಯಲ್ಲಿದ್ದರು. ವಿಜಯಪುರದ ಕಚೇರಿಯ ಡೆಸ್ಕಿನಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ಮುಖ್ಯ ಉಪಸಂಪಾದಕಿ.

"ದಿಲ್ಲಿಯಾಗ ಕುಂತು ಬರದಂಗ ಬರೀಬ್ಯಾಡ್ರಿ," ಎಂದರು ಸಂಪಾದಕರು. "ನಮ್ಮ ಜಿಲ್ಲಾದವ್ರ ಒಂದ್ ಮಾತರ ಇರ್ಲಿ."

ಜಿಲ್ಲೆಯವರ ಮಾತಿಗೆ ನಾನು ದೂರ ಹುಡುಕಬೇಕಿರಲಿಲ್ಲ. ನನ್ನ ಕಾಕಾ, ತಂದೆಯ ತಮ್ಮ, ಸಿಂದಗಿಯಲ್ಲಿದ್ದಾನೆ. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಮಿಗ್ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸಿದವನು. ನಿವೃತ್ತನಾಗಿ ಊರಿಗೆ ಬಂದ ಮೇಲೂ ಯಾರದೇ ಮೋಟಾರು ಕೆಟ್ಟರೆ ಮೊದಲು ಅವನಿಗೆ ಕೇಳಿಸಿ, ಆಮೇಲೆ ಮೆಕ್ಯಾನಿಕ್ಕಿನ ಹತ್ತಿರ ಒಯ್ಯುತ್ತಾರೆ. ಅವನು ಕಣ್ಣು ಮುಚ್ಚಿ ಸಪ್ಪಳ ಕೇಳುತ್ತಾನೆ.

ಮರುದಿನವೇ ಹೋದೆ. ಕಾಕಾ ಹೇಳಿದ ಕಥೆ ನಾನು ಚಿಕ್ಕಂದಿನಿಂದ ಕೇಳುತ್ತ ಬಂದದ್ದೇ. ಸೋವಿಯತ್ ಒಕ್ಕೂಟ ಒಡೆದ ಮರುವರ್ಷ, ಉತ್ತರದ ಒಂದು ವಿಮಾನ ನೆಲೆ, ಚಳಿಗಾಲ. ಅವನ ಕೈಯಲ್ಲಿದ್ದ ವಿಮಾನಕ್ಕೆ ಇಂಧನದ ಪಂಪು ಬೇಕಾಗಿತ್ತು. ಪಂಪು ಇಲ್ಲದೆ ವಾರಗಟ್ಟಲೆ ವಿಮಾನ ನಿಂತಿತು. ಆ ದೇಶವೇ ಇಲ್ಲವಾಯಿತು, ಇನ್ನೆಲ್ಲಿಯ ಪಂಪು ಎಂದು ಉಳಿದವರು ಕೈಚೆಲ್ಲಿದ್ದರು. ಒಂದು ಬೆಳಿಗ್ಗೆ ರಷ್ಯನ್ ಅಕ್ಷರದ ಕಟ್ಟಿಗೆ ಪೆಟ್ಟಿಗೆ ಬಂತು. ಒಳಗೆ ಪಂಪು, ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ ಚೀಟಿ. ಸಂಜೆಯೊಳಗೆ ಕೂಡಿಸಿದ, ಮರುದಿನ ವಿಮಾನ ಹಾರಿತು.

"ಮನಿ ಮುರದು ಬಿದ್ದಾಗೂ ಕೊಟ್ಟ ಮಾತು ಮರೀಲಿಲ್ಲ ಅವ್ರು," ಎಂದ ಕಾಕಾ. "ಇದನ್ನ ಬರೀ ತಮ್ಮಾ. ಉಳದದ್ದು ನೀ ಏನರ ಬರ್ಕೋ."

ಬರೆದೆ. ಲೇಖನದಲ್ಲಿ ಮೂರು ದೇಶಗಳನ್ನು ತೂಗಿದ್ದೆ. 1998ರ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹಾಕಿತು, ನಮ್ಮ ತೇಜಸ್ ವಿಮಾನದ ಕೆಲಸ ಅದರಿಂದ ಹಿಂದೆ ಬಿತ್ತು. ಈಗ ಅದೇ ತೇಜಸ್‌ನ ಹೊಸ ಮಾದರಿಗೆ ಎಂಜಿನ್ ಬರಬೇಕಾದದ್ದು ಅಮೆರಿಕದಿಂದ, ಬರುತ್ತಿರುವುದು ತಡವಾಗಿ. ಫ್ರಾನ್ಸ್ ಆಗ ನಿರ್ಬಂಧ ಹಾಕಲಿಲ್ಲ, ಮೂವತ್ತಾರು ರಫೇಲ್‌ಗಳನ್ನೂ ಕೊಟ್ಟು ಮುಗಿಸಿತು. ಆದರೆ ಬೆಲೆ ಹೆಚ್ಚು, ತಂತ್ರಾಂಶದ ಕೀಲಿಕೈ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ರಷ್ಯಾದ ಪರವಾಗಿ ಕಾಕಾನ ಮಾತು ಕೂತಿತು, ಅವನ ಹೇಳಿಕೆಯಾಗಿಯೇ. ಓದುವವರ ಮನಸ್ಸಿನಲ್ಲಿ ತಕ್ಕಡಿ ರಷ್ಯಾದ ಕಡೆಗೆ ವಾಲುತ್ತಿದ್ದದ್ದು ಆ ಒಂದು ಪ್ಯಾರಾದಿಂದ.

ಮುಖ್ಯ ಉಪಸಂಪಾದಕಿ ಕರಡಿನ ಮೇಲೆ ಆ ಪ್ಯಾರಾಕ್ಕೆ ಸುತ್ತು ಹಾಕಿ ತಂದರು.

"ಪೆಟಗಿ ಎಲ್ಲಿಂದ ಬಂತು ಅನ್ನೂದಕ್ಕ ಮತ್ಯಾರ್ ಸಾಕ್ಷಿ ಅದಾರ್ರಿ?"

"ನಮ್ಮ ಕಾಕಾ ಸ್ವತಃ ತಗದು ಕೂಡ್ಸಿದ್ದು."

"ಕೂಡ್ಸಿದ್ದಕ್ಕ ಅವ್ರು ಸಾಕ್ಷಿ. ಕಳಿಸಿದ್ದಕ್ಕ?"

ಹೊಸದಾಗಿ ಬಂದ ವರದಿಗಾರರಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ ಅದು. ಕಾಕಾ ಎಂಬ ಕಾರಣಕ್ಕೆ ಮಾತ್ರ ಅದನ್ನು ಬದಿಗಿಟ್ಟಿದ್ದೆ. ಅವರು ಹೇಳಿದ್ದು ಸರಿ ಎಂದು ಒಪ್ಪಿಕೊಂಡೆ.

ಕೇಳಬಹುದಾದ ಇನ್ನೊಬ್ಬರು ಇದ್ದರು. ಮುದ್ದೇಬಿಹಾಳದ ಚಾಚಾ, ಅದೇ ನೆಲೆಯಲ್ಲಿ ಕಾಕಾನ ಜೊತೆಗಿದ್ದವರು. ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಈಗ ಊರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ. ಇಬ್ಬರೂ ನಿವೃತ್ತರಾದಾಗಿನಿಂದ ಒಂದು ರೂಢಿ ಬೆಳೆದಿದೆ. ದಸರಾ ಮರುದಿನ ಬನ್ನಿ ಕೊಟ್ಟು ತಗೊಳ್ಳಲು ಬಸವನ ಬಾಗೇವಾಡಿಯಲ್ಲಿ ಸೇರುತ್ತಾರೆ. ಸಿಂದಗಿಯವನು ಮುದ್ದೇಬಿಹಾಳಕ್ಕೆ ಹೋಗುವುದಿಲ್ಲ, ಮುದ್ದೇಬಿಹಾಳದವರು ಸಿಂದಗಿಗೆ ಬರುವುದಿಲ್ಲ. ಮೊದಲು ಯಾರು ಯಾರ ಊರಿಗೆ ಬರಬೇಕು ಎಂಬ ವಾದ ಮೊದಲ ವರ್ಷ ಹುಟ್ಟಿದ್ದು, ಇನ್ನೂ ತೀರ್ಮಾನವಾಗಿಲ್ಲ.

ಆ ವರ್ಷ ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ಭಾನುವಾರ ಪೇಪರಿನಲ್ಲಿ ತನ್ನ ಮಾತು ಬರುತ್ತದೆ ಎಂದು ಸಿಂದಗಿಯಲ್ಲಿ ದಿನಾ ಚಹಾಕ್ಕೆ ಸೇರುವವರಿಗೆಲ್ಲ ಹೇಳಿಯಾಗಿತ್ತು. ಹತ್ತು ಪೇಪರು ಹೆಚ್ಚು ತರಿಸಲು ಏಜೆಂಟನಿಗೂ ಹೇಳಿದ್ದ.

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಾಚಾ ಆಗಲೇ ಬಂದು ಕೂತಿದ್ದರು.

"ಬರ್ರಿ ಸಾರ್ಜೆಂಟ್ ಸಾಹೇಬ್ರ. ಲೇಟಾತು."

"ಬಸ್ಸಿಗೆ ಸ್ಪೇರ್ ಪಾರ್ಟ್ ಸಿಕ್ಕಿರ್ಲಿಲ್ಲ. ಸ್ಟೋರಿನಾವ ಮಕ್ಕೊಂಡಿದ್ದ."

"ಸ್ಟೋರಿನಾವ ಎದ್ದಿದ್ದ. ಫಿಟ್ಟರ್‌ಗ ಪಾರ್ಟ್ ನಂಬರ್ ಓದಾಕ ಬಂದಿರ್ಲಿಲ್ಲ."

ಬನ್ನಿ ಕೈ ಬದಲಾಯಿತು. ಇಬ್ಬರೂ ಬಂಗಾರದಂಗ ಇರೋಣು ಅಂದರು. ಮಿರ್ಚಿ, ಚಹಾ ಬಂತು. ನಾನು ಕರಡು ತೆಗೆದು, ರಷ್ಯಾದ ಪ್ಯಾರಾ ಓದಿ, ಚಾಚಾನ ಮುಖ ನೋಡಿದೆ. ಅವರು ಚಹಾ ಸಾಸರಿಗೆ ಸುರುವಿಕೊಂಡು ಕುಡಿಯುತ್ತಿದ್ದರು, ನಿಲ್ಲಿಸಿದರು.

"ಇದು ಪೇಪರಿನಾಗ ಬರ್ತೈತೇನು?"

"ಭಾನುವಾರ ಬರ್ತೈತ್ರಿ."

"ಹಂಗಾದ್ರ ಹೇಳಬೇಕಾತು," ಎಂದು ಕಾಕಾನ ಕಡೆ ತಿರುಗಿದರು. "ಆ ಪಂಪ್ ರಷ್ಯಾದಿಂದ ಬರ್ಲಿಲ್ಲೋ."

"ಮತ್ತೆಲ್ಲಿಂದ ಬಂತು, ಹೊರ್ತಿ ಸಂತಿಂದ?"

"ಇನ್ನೊಂದು ನೆಲಿಯಾಗ ಒಂದು ವಿಮಾನ ನಿಂತಿತ್ತು. ರೆಕ್ಕಿ ರಿಪೇರಿಗೆ. ಅದರ ಪಂಪ್ ಇಳಿಸಿ, ಪರೀಕ್ಷಾ ಮಾಡಿ, ನಮಗ ಕಳಿಸಿದ್ರು. ಮ್ಯಾಲಿನವ್ರ ಪರವಾನಗಿ ಇತ್ತು, ಕಾಗದಾ ಸಹಿತ ಇತ್ತು. ಸಹಿ ಮಾಡಿ ತಗೊಂಡಾವ ನಾನ."

"ಪೆಟಗಿ ಮ್ಯಾಲೆ ಅವರ ಅಕ್ಷರ ಇತ್ತಲ್ಲಲೇ. ನಾನ ಒಡದೇನಿ ಅದನ್ನ."

"ಪೆಟಗಿ ಅವರದ. ಒಂದ್ ಸಲ ಬಂದ ಪೆಟಗಿ ನಾವು ಎಂದರ ಒಗದೇವೇನು? ನಾಕೈದು ನೆಲಿ ತಿರಗಿತ್ತು ಅದು. ನೀ ಪೆಟಗಿ ನೋಡ್ದಿ, ಪಂಪ್ ಪಾಸಾಗೈತಿ ಅನ್ನೂ ಚೀಟಿ ನೋಡ್ದಿ. ಎಲ್ಲಿಂದ ಬಂತು ಅನ್ನೂ ಕಾಗದ ನಿನ್ನ ಕಡೆ ಬರಂಗಿಲ್ಲ, ನನ್ನ ಕಡೆ ಉಳೀತೈತಿ."

ಕಾಕಾ ಮಿರ್ಚಿ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದ.

"ಇಷ್ಟ್ ವರ್ಷ ಯಾಕ ಹೇಳ್ಲಿಲ್ಲ?"

"ವರ್ಷಾ ಬನ್ನಿ ಕೊಡಾಕ ಬರ್ತಿ, ಆ ಕತಿ ಹೇಳ್ತಿ, ಖುಷಿ ಆಗ್ತಿ. ಕೆಡಿಸಿ ನನಗೇನ್ ಸಿಗ್ತೈತಿ? ಹೋಟೆಲಿನಾಗ ಹೇಳೂದ ಬ್ಯಾರೆ, ಪೇಪರಿನಾಗ ಬರೂದ ಬ್ಯಾರೆ."

ಹಾಗಾದರೆ ರಷ್ಯಾದವರು ಆಗ ಕೈಕೊಟ್ಟರೇ ಎಂದು ನಾನು ಕೇಳಿದೆ. ಚಾಚಾ ತಲೆ ಅಲ್ಲಾಡಿಸಿದರು.

"ಕೈ ಕೊಟ್ರು ಅಂತ ಬರೀಬ್ಯಾಡ. ಅವರ ದೇಶಾನ ಒಡದಿತ್ತು. ಕಾರ್ಖಾನಿ ಒಂದು ದೇಶದಾಗ ಉಳೀತು, ಕಾಗದಕ್ಕ ಸಹಿ ಮಾಡಾವ ಇನ್ನೊಂದು ದೇಶದಾಗ ಉಳದಾ. ಕೊಡೂ ಮನಸ್ಸಿತ್ತು, ಕೊಡಾಕ ಆಗ್ತಿರ್ಲಿಲ್ಲ. ಅಮೆರಿಕಾದ್ದು ಉಲ್ಟಾ. ಕೊಡಾಕ ಆಗ್ತಿತ್ತು, ಮನಸ್ಸಿರ್ಲಿಲ್ಲ. ಸ್ಟೋರಿನಾಗ ಕುಂತಾವಗ ಎರಡೂ ಒಂದ. ರ್‍ಯಾಕ್ ಖಾಲಿ."

ನನ್ನ ಲೇಖನದಲ್ಲಿ ಇಲ್ಲದಿದ್ದದ್ದು ಅದು. ನಾನು ತೂಗಿದ್ದು ದೇಶಗಳ ಮನಸ್ಸನ್ನು: ಯಾರು ಮಿತ್ರರು, ಯಾರು ನಿರ್ಬಂಧ ಹಾಕಿದರು, ಯಾರು ಹಾಕಲಿಲ್ಲ. ಮಾರುವ ದೇಶ ತಾನೇ ಕಷ್ಟಕ್ಕೆ ಸಿಕ್ಕಾಗ ಅದರ ಕಾರ್ಖಾನೆಯಿಂದ ಏನು ಹೊರಬರುತ್ತದೆ ಎಂದು ತೂಗಿರಲಿಲ್ಲ. ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದಿಂದ ಬರಬೇಕಿದ್ದ ವಾಯುರಕ್ಷಣಾ ವ್ಯವಸ್ಥೆಗಳು ತಡವಾದ ಸುದ್ದಿಯನ್ನು ನಾನೇ ಪುಟಕ್ಕೆ ಹಾಕಿದ್ದೆ. ಆದರೂ ಲೇಖನಕ್ಕೆ ಅದನ್ನು ತಂದಿರಲಿಲ್ಲ; ಕಾಕಾನ ಕಥೆ ಅಲ್ಲಿ ಜಾಗ ಹಿಡಿದು ಕೂತಿತ್ತು.

ವಾಪಸು ಬರುವಾಗ ಬಸ್ಸು ದೇವರ ಹಿಪ್ಪರಗಿ ದಾಟಿತು.

"ನನ್ನ ಮಾತು ತಗದು ಹಾಕು," ಎಂದ ಕಾಕಾ.

"ಆಗ್ಲಿ ಕಾಕಾ."

"ಊರ ತುಂಬ ಹೇಳೇನಿ. ಭಾನುವಾರ ಏನ್ ತೋರಿಸ್ಲಿ?"

ಪ್ಯಾರಾ ತೆಗೆದರೆ ಅವನಿಗೆ ಊರಿನಲ್ಲಿ ಮುಖಭಂಗ. ಇಟ್ಟರೆ ಸುಳ್ಳು ನನ್ನ ಕೈಯಿಂದಲೇ ಅಚ್ಚಾಗುತ್ತದೆ. ಅವನು ಸಿಂದಗಿಯಲ್ಲಿ ಇಳಿದ. ನಾನು ವಿಜಯಪುರದ ಬಸ್ಸು ಹಿಡಿದೆ. ಕಚೇರಿಗೆ ಬಂದು ಪ್ಯಾರಾ ತೆಗೆದು, ಉಳಿದದ್ದನ್ನು ತಿದ್ದುತ್ತಿದ್ದೆ. ಪುಟ ಮುಗಿಯಲು ಇನ್ನೂ ಹೊತ್ತಿತ್ತು. ಸಂಜೆ ಆರರ ಸುಮಾರಿಗೆ ಕಾಕಾನ ಫೋನ್ ಬಂತು.

"ತಗದಿ ಏನು?"

"ತಗದೇನಿ."

"ತಿರುಗಿ ಹಾಕು. ಅಂವ ಹೇಳಿದ್ದೂ ಹಾಕು. ನಾ ಪೆಟಗಿ ನೋಡಿ ತಪ್ಪು ತಿಳಕೊಂಡಿದ್ನಿ, ಅದನ್ನ ನಾನ ಹೇಳೇನಿ ಅಂತ ಹಾಕು. ಅಂವ ನನ್ನ ತಪ್ಪು ಹಿಡದಾ ಅಂತ ಆಗಬಾರ್ದು."

"ಹಿಡದವ್ರು ಅವ್ರ ಅಲ್ಲೇನ್ ಕಾಕಾ?"

"ಹೂಂ, ಹಿಡದವ ಅವನ," ಎಂದ. "ಹಂಗ ಬರೀ ಹಂಗಾದ್ರ."

ಹಾಗೆಯೇ ಬರೆದೆ. ಪಂಪು ಕೂಡಿಸಿದವನು ಮೂವತ್ತು ವರ್ಷ ಏನು ನಂಬಿದ್ದ, ಉಗ್ರಾಣದವರು ಏನು ತಿದ್ದಿದರು, ಎರಡೂ ಅಚ್ಚಾದವು. ಮೂರು ದೇಶಗಳ ಹೋಲಿಕೆಯಲ್ಲಿ ಒಂದು ಹೊಸ ಸಾಲು ಸೇರಿತು: ಕೊಡುವ ಮನಸ್ಸು ಬೇರೆ, ಕೊಡುವ ಶಕ್ತಿ ಬೇರೆ. ಯಾವ ದೇಶದಿಂದ ಕೊಳ್ಳಬೇಕು ಎಂಬ ತೀರ್ಪನ್ನು ಲೇಖನ ಕೊಡಲಿಲ್ಲ.

ಭಾನುವಾರ ಸಿಂದಗಿಯ ಹೋಟೆಲಿನಲ್ಲಿ ಕಾಕಾ ಪೇಪರು ತಾನೇ ಗಟ್ಟಿಯಾಗಿ ಓದಿದನಂತೆ. ಇದನ್ನು ನನಗೆ ಹೇಳಿದವರು ಅಲ್ಲಿದ್ದ ಪೇಪರ್ ಏಜೆಂಟರು.

"ಏನ್ರಿ, ಪೆಟಗಿ ನೋಡಿ ಮೋಸ ಹೋದ್ರ್ಯಂತ," ಎಂದು ಒಬ್ಬರು ಕಾಲೆಳೆದರು.

"ಹೋದ ವರ್ಷ ಪಾಕೀಟಿನ ಮ್ಯಾಲಿನ ಚಿತ್ರಾ ನೋಡಿ ತೊಗರಿ ಬೀಜ ತಂದಾವ ಯಾರಪಾ?" ಎಂದನಂತೆ ಕಾಕಾ. ಹೆಚ್ಚು ತರಿಸಿದ್ದ ಹತ್ತು ಪೇಪರುಗಳಲ್ಲಿ ಒಂದನ್ನು ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ.

ಅದೇ ತಿಂಗಳು ಸಾಲೋಟಗಿಯ ಒಂದು ಶಾಲೆಯವರು ಅವನನ್ನು ಭಾಷಣಕ್ಕೆ ಕರೆದರು. ಪಂಪಿನ ಕಥೆಯನ್ನು ಅಲ್ಲಿ ಚಾಚಾ ತಿದ್ದಿದ ಹಾಗೆಯೇ ಹೇಳಿದ.

2025ರ ನವೆಂಬರ್ 7ರಂದು ತೇಜಸ್ ವಿಮಾನಗಳಿಗಾಗಿ ಅಮೆರಿಕದಿಂದ 113 ಎಂಜಿನ್ ಕೊಳ್ಳುವ ಒಪ್ಪಂದಕ್ಕೆ ಸಹಿ ಬಿತ್ತು. ಮರುದಿನ ಬೆಳಿಗ್ಗೆ ಕಾಕಾ ಫೋನ್ ಮಾಡಿ, ಸುದ್ದಿಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ ಎಂದ. ಸಹಿ ಬಿದ್ದದ್ದಷ್ಟೇ ಇದೆ, ಮೊದಲ ಎಂಜಿನ್ ಯಾವಾಗ ಬರುತ್ತದೆ ಎಂದು ಹಾಕಿಲ್ಲ. ನೋಡಿ ಹೇಳಿದೆ. ಒಪ್ಪಂದದ ಪ್ರಕಾರ ಪೂರೈಕೆ 2027ರಲ್ಲಿ ಶುರುವಾಗಿ 2032ರಲ್ಲಿ ಮುಗಿಯಬೇಕು.