ಅಂಗೈಯ ಗುಲಾಬಿ ಎಣ್ಣೆ

ಕೊಟ್ಟೂರು ಬಸ್‌ಸ್ಟ್ಯಾಂಡು, ಡಿಸೆಂಬರಿನ ಬೆಳಗು. ಅತ್ತರು ಮಾರುವ ಸಾಬರು ಚಳಿಗೆ ಗಟ್ಟಿಯಾದ ಗುಲಾಬಿ ಎಣ್ಣೆಯ ಶೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತಿದ್ದರು. ರಸಾಯನಶಾಸ್ತ್ರದ ಮೇಷ್ಟ್ರಾದ ನಾನು ಸುಮ್ಮನಿರಲಾರದೆ, ಹೆಪ್ಪುಗಟ್ಟುವುದು ಅದರೊಳಗಿನ ಮೇಣ, ಕಂಪು ಜಿರೇನಿಯಾಲ್, ಸಿಟ್ರೊನೆಲಾಲ್ ಎಂಬ ರಾಸಾಯನಿಕಗಳದು, ಅದು ಮನಸ್ಸಿಗೆ ಸಮಾಧಾನ ತರುತ್ತದೆಂಬುದಕ್ಕೆ ಪುರಾವೆ ಸಾಲದು ಎಂದೆಲ್ಲ ಹೇಳಿದೆ. ಸಾಬರು ನಕ್ಕು ನನ್ನ ಅಂಗೈಗೊಂದು ಹನಿ ಸವರಿದರು.

ಅಷ್ಟರಲ್ಲಿ ಕಂಬಳಿಯಲ್ಲಿ ಕುರಿಮರಿ ಸುತ್ತಿಕೊಂಡು ಒಬ್ಬ ಅಜ್ಜಿ ಬಂದಳು. "ಇದಕ್ಕೂ ಹಚ್ರಿ ಸಾಬ್ರ. ಇದರ ತಾಯಿ ಸತ್ತೈತಿ. ಮನ್ಯಾಗ ಮರಿ ಕಳಕೊಂಡ ಕುರಿ ಐತಿ. ಅದರ ಮೂಗಿಗೂ ಇದ ಎಣ್ಣಿ ಹಚ್ಚಿದ್ರ, ತನ್ನ ಮರಿನೇ ಅಂತ ತಿಳಕೊಂಡು ಹಾಲು ಕುಡಿಸ್ತೈತಿ."

ಸಾಬರು ಮರಿಗೆ ಎಣ್ಣೆ ಸವರಿ, ಅದೇ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಅವಳ ಕೈಗಿತ್ತರು. ಗುಡೇಕೋಟೆ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕುಳಿತಳು. ಮರಿ ಅದೇ ಕಂಪಿದ್ದ ನನ್ನ ಅಂಗೈ ಮೂಸಿ, ಬೆರಳು ಚೀಪತೊಡಗಿತು.

ನಡುದಾರಿಯ ಕೂಡ್ಲಿಗಿಯಲ್ಲಿ ಇಳಿಯಬೇಕಿದ್ದವನು, ಕಂಡಕ್ಟರು ಬಂದಾಗ, ಮರಿಯ ಬಾಯಿಂದ ಬೆರಳು ಬಿಡಿಸಿಕೊಳ್ಳದೆ, "ಗುಡೇಕೋಟೆಗೆ ಕೊಡ್ರಿ" ಎಂದೆ.