ಡಬ್ಬಿಯೊಳಗೆ ಕುಳಿತಿದ್ದ ಕರೆಂಟು

ಅಕ್ಕನ ತಿಥಿಗೆ ಬಂದವರೆಲ್ಲ ಒಂದೇ ಮಾತು ಹೇಳಿದರು, ಅವಳಿಗೆ ಭಯ ಅನ್ನುವುದೇ ಇರಲಿಲ್ಲ ಎಂದು. ಎಲೆ ಹಾಕುತ್ತಿದ್ದ ನಾನು ಹೂಂ ಅಂದೆ. ಆದರೆ ಅವಳು ಹೆದರಿದ್ದನ್ನು ನಾನು ನೋಡಿದ್ದೇನೆ. ಈಗ ಸುಮ್ಮನೆ ಕೂತರೆ ನೆನಪಿಗೆ ಬರುವುದೂ ಅದೇ.

ತೊಂಬತ್ತರ ದಶಕದ ಮಾತು. ಚಿನ್ನದ ಗಣಿಗಳ ಪಕ್ಕದ ರಾಬರ್ಟ್‌ಸನ್‌ಪೇಟೆಯಲ್ಲಿ ನಾವಿಬ್ಬರೂ ಸೇರಿ ಟೈಪಿಂಗ್ ಅಂಗಡಿ ಇಟ್ಟಿದ್ದೆವು. ಟೈಪ್‌ರೈಟರ್ ನನ್ನ ಪಾಲು, ಬೆಂಗಳೂರಿನಿಂದ ತಂದ ಕಂಪ್ಯೂಟರ್ ಅಕ್ಕನ ಪಾಲು. ಒಂದು ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಅವಳು ಅದರಲ್ಲಿ ಟೈಪ್ ಮಾಡಿಟ್ಟಿದ್ದಳು. ಮರುದಿನವೇ ಕೊಡಬೇಕಿತ್ತು. ಅವತ್ತು ಬೆಳಿಗ್ಗೆ ಕಂಪ್ಯೂಟರಿನ ಸ್ವಿಚ್ ಒತ್ತಿದರೆ ದೀಪವಿಲ್ಲ, ಒಳಗಿನ ಫ್ಯಾನಿನ ಸದ್ದಿಲ್ಲ.

ಬಿಡು, ಪ್ರತಿ ತೆಗೆಯುವ ಸ್ಟೆನ್ಸಿಲ್ ಹಾಳೆಯ ಮೇಲೆ ನಾನೇ ಟೈಪ್ ಮಾಡಿಕೊಡುತ್ತೇನೆ ಅಂದೆ.

"ಮತ್ತೆ ಈ ಮಿಷನ್ನು ಯಾತಕ್ಕೆ ತಂದಿದ್ದು? ಕುಂಕುಮ ಇಟ್ಟು ಪೂಜೆ ಮಾಡಾಕಾ?" ಅಂದಳು.

ನಮ್ಮಪ್ಪ ನಂದಿದುರ್ಗ ಗಣಿಯಲ್ಲಿ ಕರೆಂಟಿನ ಕೆಲಸದಲ್ಲಿದ್ದವರು. ವೈರು ಮುಟ್ಟುವವನು ಫ್ಯೂಸ್ ಕಿತ್ತು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಆಫ್ ಮಾಡಿದ್ದೇನೆ ಎಂದು ಬೇರೆಯವರು ಹೇಳಿದರೆ ನಂಬಬಾರದು ಎಂಬುದು ಅಲ್ಲಿಯ ಪದ್ಧತಿ. ಉರಿಗಾಂನಲ್ಲಿ ಗಣಿಯವರು ಕೊಟ್ಟಿದ್ದ ನಮ್ಮ ಲೈನ್ ಮನೆಯಲ್ಲಿ ಒಂದು ಹೋಲ್ಡರ್ ಬದಲಾಯಿಸುವುದಕ್ಕೂ ಅಪ್ಪ ಹಾಗೇ ಮಾಡುತ್ತಿದ್ದರು. ಅಕ್ಕನಿಗೆ ಜೇಬಿಲ್ಲ. ಬಿಳಿ ಪಿಂಗಾಣಿಯ ಫ್ಯೂಸನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅದು ಅಲ್ಲಿದ್ದರೆ ನಮಗಿಬ್ಬರಿಗೂ ಧೈರ್ಯ.

ಮೊದಲು ಪ್ಲಗ್ಗಿಗೆ ಟೆಸ್ಟರ್ ಇಟ್ಟಳು. ಕರೆಂಟಿತ್ತು. ಪ್ರಿಂಟರಿನ ವೈರನ್ನು ಕಿತ್ತು ಕಂಪ್ಯೂಟರಿಗೆ ಹಾಕಿದಳು. ಏನೂ ಆಗಲಿಲ್ಲ. ಫ್ಯೂಸ್ ಕಿತ್ತು ಮುಚ್ಚಳ ಬಿಚ್ಚಿದಳು. ಗಾಳಿಯ ತಿಂಗಳು, ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ಗುಡ್ಡದ ಬಿಳಿ ಧೂಳು ಊರಿನ ಅಡುಗೆ ಪಾತ್ರೆಗಳಲ್ಲಿ ಕೂತ ಹಾಗೆ ಅದರೊಳಗೂ ಕೂತಿತ್ತು. ಮೂಗಿಗೆ ಸೆರಗು ಕಟ್ಟಿ ಬ್ರಷ್ಷಿನಿಂದ ಗುಡಿಸಿದಳು. ಮೆಮೊರಿ ಪಟ್ಟಿಗಳನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಪ್ರತಿ ಸಲವೂ ಫ್ಯೂಸ್ ಹಾಕಿ ನೋಡುವುದು, ಮತ್ತೆ ಕಿತ್ತು ಸೊಂಟಕ್ಕೆ ಸಿಕ್ಕಿಸುವುದು. ಒಂದೊಂದೇ ಭಾಗದ ವೈರು ಬಿಡಿಸಿ, ಯಾವುದು ತಡೆಯುತ್ತಿದೆ ಎಂದು ಹುಡುಕಿದಳು. ಕೊನೆಗೆ ಮುಖ್ಯ ಬೋರ್ಡಿನ ವೈರನ್ನೂ ಬಿಡಿಸಿ, ಹಾರ್ಡ್ ಡಿಸ್ಕ್ ಒಂದನ್ನೇ ಉಳಿಸಿ ಸ್ವಿಚ್ ಒತ್ತಿದಾಗ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು.

"ಉಸ್ರೈತೆ ಕಣ್ಲಾ. ಬೋರ್ಡ್ ಬಿಡಿಸಿದ್ರೂ ನಿಂತೋಯ್ತು, ಡಬ್ಬಿದೇ ತಪ್ಪು" ಅಂದಳು.

ಗೋಡೆಯಿಂದ ಬರುವ ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆ ಹಂಚುವ, ಫ್ಯಾನಿರುವ ತಗಡಿನ ಡಬ್ಬಿ ಅದು. ಒಳಗೆ ಧೂಳು ಕಟ್ಟಿರಬೇಕು ಎಂದುಕೊಂಡಳು. ಫ್ಯೂಸ್ ಕಿತ್ತು ಸಿಕ್ಕಿಸಿಕೊಂಡು, ತಡಮಾಡದೆ ತಿರುಪು ಬಿಚ್ಚಿದಳು. ನಿಜಕ್ಕೂ ಅರಳೆಯಂಥ ಧೂಳಿನ ಮುದ್ದೆಯಿತ್ತು. ಅದನ್ನು ತೆಗೆಯಲು ಬೆರಳು ಹಾಕಿದಳು.

ಚಿಟಿಕೆ ಹೊಡೆದಷ್ಟು ಸಣ್ಣ ಸದ್ದು. ಅಕ್ಕ ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದಳು. ಕಣ್ಣು ತೆರೆದೇ ಇತ್ತು. ನನ್ನ ಕಡೆ ನೋಡುತ್ತಿರಲಿಲ್ಲ.

ಕರೆಂಟು ಹಿಡಿದವರನ್ನು ಬರಿಗೈಲಿ ಮುಟ್ಟಬಾರದು, ಒಣ ಮರದಿಂದ ತಳ್ಳಬೇಕು ಎಂದು ಅಪ್ಪ ಕಲಿಸಿದ್ದರು. ಮರದ ಸ್ಕೇಲು ಎತ್ತಿಕೊಂಡೆ. ಆದರೆ ಯಾವುದರಿಂದ ದೂರ ತಳ್ಳುವುದು? ಮೀಟರ್ ಬೋರ್ಡಿನಲ್ಲಿ ಫ್ಯೂಸಿನ ಜಾಗ ಖಾಲಿ. ಫ್ಯೂಸ್ ಅವಳ ಸೊಂಟದಲ್ಲಿದೆ. ಹಾಗಾದರೆ ಇವಳನ್ನು ಹೊಡೆದದ್ದು ಏನು? ಕರೆಂಟಲ್ಲ, ಎದೆಯೇ ನಿಂತಿದೆ ಅನ್ನಿಸಿತು. ಅಮ್ಮ ಹಾಗೇ ಹೋಗಿದ್ದಳು, ನೀರಿನ ಕೊಡ ಇಳಿಸುತ್ತಾ. ರಸ್ತೆಯಲ್ಲಿ ಕಂಡಕ್ಟರ್ ಬಂಗಾರಪೇಟೆ ಬಂಗಾರಪೇಟೆ ಎಂದು ಜನರನ್ನು ಕರೆಯುತ್ತಿದ್ದ.

ಸ್ಕೇಲು ಬಿಸಾಕಿ ಅವಳ ಬಾಯಿಗೆ ಕಿವಿ ಇಟ್ಟೆ. ಬಿಸಿಯಾಗಿ ಉಸಿರು ತಗುಲಿತು. ಮೊನ್ನೆ ಅವಳು ಹೋದ ಬೆಳಿಗ್ಗೆಯೂ ಹಾಗೇ ಕಿವಿ ಇಟ್ಟು ಕಾದೆ. ಎಷ್ಟು ಹೊತ್ತು ಕಾದರೂ ಏನೂ ಬರಲಿಲ್ಲ.

ಅವತ್ತು ಮಾತ್ರ ಅವಳ ತುಟಿ ಅಲುಗಾಡಿತು. "ಕರೆಂಟು ಒಳಗೇ ಕುಂತಿತ್ತು ಕಣ್ಲಾ" ಅಂದಳು. ಸೊಂಟದಿಂದ ಫ್ಯೂಸ್ ತೆಗೆದು ನನಗೆ ತೋರಿಸಿದಳು. "ಇಲ್ಲೇ ಐತೆ ನೋಡು. ಅಪ್ಪ ಇದನ್ನ ನಮಗೆ ಏಳ್ಲೇ ಇಲ್ಲ."

ನೀರು ಕೊಟ್ಟೆ. ಸಂಜೆಯವರೆಗೆ ನಾನು ಶಾಲೆಯವರ ಕೈಬರಹ ನೋಡಿ ಸ್ಟೆನ್ಸಿಲ್ ಟೈಪ್ ಮಾಡಿದೆ. ಅವಳು ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲೇ ಕೂತಿದ್ದಳು. ಒಳಗೆ ಬಾ ಅಂದರೆ ಬರಲಿಲ್ಲ.

ಪ್ರಶ್ನೆಪತ್ರಿಕೆಗಳನ್ನು ಕೊಟ್ಟ ಮೇಲೆ ಡಬ್ಬಿ ತೆಗೆದುಕೊಂಡು ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಹತ್ತಿದೆವು. ಡಬ್ಬಿ ನನ್ನ ತೊಡೆಯ ಮೇಲೆ, ಅವಳು ಎದುರು ಸೀಟಿನ ತುದಿಯಲ್ಲಿ. ಪಕ್ಕದ ಹೆಂಗಸು ಚೀಲದಲ್ಲಿ ಏನಮ್ಮಾ ಎಂದು ಕೇಳಿದಳು. "ಆವು" ಅಂದಳು ಅಕ್ಕ. ಆಕೆ ಕಾಲು ಮೇಲೆತ್ತಿಕೊಂಡಳು. ಅಕ್ಕ ನಗಲಿಲ್ಲ.

ಕಂಪ್ಯೂಟರ್ ಮಾರಿದ್ದ ಅಂಗಡಿಯವನು ಬೇರೆ ಡಬ್ಬಿ ಕೊಟ್ಟು, ಹಳೆಯದರಲ್ಲಿದ್ದ ಎರಡು ದಪ್ಪ ಕೆಪಾಸಿಟರ್ ತೋರಿಸಿದ. ಹೊರಗಿನ ಕರೆಂಟು ತೆಗೆದ ಮೇಲೂ ಇವು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರುತ್ತವೆ, ಈ ಡಬ್ಬಿಯನ್ನು ಯಾವತ್ತೂ ಬಿಚ್ಚಬೇಡಿ ಅಂದ. ಕಿತ್ತ ಮೇಲೂ ಹೊಟ್ಟೆಯಲ್ಲಿ ಕರೆಂಟು ಇಟ್ಟುಕೊಳ್ಳುವ ವಸ್ತು ಇರುತ್ತದೆಂದು ನಮಗೆ ಹೊಳೆದಿರಲಿಲ್ಲ.

ಹೊಸ ಡಬ್ಬಿಯನ್ನು ನಾನು ಕೂರಿಸಿದೆ. ಅವಳು ದೂರದಿಂದ ಹೇಳಿಕೊಟ್ಟಳು. ಕೊನೆಗೆ ಸ್ವಿಚ್ ಒತ್ತಲು ತಾನೇ ಬಂದು ಕೈ ಚಾಚಿದಳು, ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಚಾಚಿದಳು. ನಾನು ಒತ್ತುತ್ತೇನೆ ಬಿಡಕ್ಕಾ ಅಂದೆ.

"ಬ್ಯಾಡ. ನಿಂಗೇನಾದ್ರೂ ಆದ್ರೆ ನನ್ ಕೈಲಿ ಆಗಲ್ಲ ಕಣ್ಲಾ."

ಎಡಗೈಯನ್ನು ನನ್ನ ಎದೆಗೆ ಇಟ್ಟು ಗೋಡೆಯವರೆಗೆ ತಳ್ಳಿದಳು. ಬಲಗೈ ಚಾಚಿ, ಕಣ್ಣು ಮುಚ್ಚಿಕೊಂಡು ಒತ್ತಿದಳು. ಫ್ಯಾನು ತಿರುಗಿತು. ಪರದೆಯ ಮೇಲೆ ಅಕ್ಷರಗಳು ಬಂದವು. ಅವು ಬಂದ ಮೇಲೂ ಬಹಳ ಹೊತ್ತು ಅವಳು ಕಣ್ಣು ತೆರೆಯಲಿಲ್ಲ, ನನ್ನನ್ನು ಒತ್ತಿಹಿಡಿದಿದ್ದ ಕೈಯನ್ನೂ ತೆಗೆಯಲಿಲ್ಲ.